ತಂಗಿಯ ಮಡಿಲಲ್ಲಿಟ್ಟ ಫೋನು

ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಜೀವ ಯಾವುದರ ಮೇಲೆ ಇತ್ತೋ ಅದನ್ನು ಮಡಿಲಲ್ಲಿ ಇಡುವುದು ನಮ್ಮ ಮನೆತನದ ರೂಢಿ. ಅಜ್ಜಿಗೆ ಎಲೆ ಅಡಿಕೆಯ ಚೀಲ ಇಟ್ಟಿದ್ದರು. ತಂಗಿಯನ್ನು ಕೂರಿಸಿದಾಗ ಚಿಕ್ಕಮ್ಮ ಅವಳ ಫೋನು ತಂದಿಟ್ಟಳು.

"ಇದನ್ನ ಬಿಟ್ಟು ಒಂದು ಗಳಿಗಿ ಇದ್ದಾಕಿ ಅಲ್ಲ. ಇರ್ಲಿ, ತಗೊಂಡು ಹೋಗವ್ವ" ಅಂದಳು.

ಯಾರೂ ಬೇಡ ಅನ್ನಲಿಲ್ಲ. ವಿಭೂತಿ, ಪತ್ರಿ, ಉಪ್ಪು, ಮೇಲೆ ಮಣ್ಣು.

ಮಸ್ಕಿಯಲ್ಲಿ ತಂಗಿಯದೂ ನನ್ನದೂ ಸೇರಿ ಒಂದು ಸಣ್ಣ ರೊಟ್ಟಿ ಕೇಂದ್ರ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ಕಟಿಯಾಗಿ ಗರಿಗರಿ ಮುರಿಯುವ ಹಾಗೆ ಒಣಗಿಸಿ ಮಾರುತ್ತೇವೆ. ಬಡಿಯಲು ಬಳಗಾನೂರಿನಿಂದ ಹೆಣ್ಣುಮಕ್ಕಳು ಬಸ್ಸಿಗೆ ಬರುತ್ತಿದ್ದರು. ಮೊದಲೆಲ್ಲ ಖಾನಾವಳಿಯವರು ಕೇಳಿದರೆ ಉಂಟು, ಇಲ್ಲದಿದ್ದರೆ ಹಂಚು ತಣ್ಣಗೆ. ಬಂದ ಹೆಣ್ಣುಮಕ್ಕಳು ಹಾಗೇ ತಿರುಗಿ ಹೋಗುತ್ತಿದ್ದರು. ಅದನ್ನು ನೋಡಲಾರದೆ ತಂಗಿ ಲಿಂಗಸುಗೂರಿನ ಕಂಪ್ಯೂಟರ್ ಅಂಗಡಿಯಲ್ಲಿ ವೆಬ್‌ಸೈಟ್ ಮಾಡಿಸಿದಳು.

"ರೊಟ್ಟಿಗೆ ಯಾಕಬೇ ಅದು? ಅದರಾಗ ವಾಸನಿ ಬರ್ತದೇನು?" ಎಂದು ನಾನು ನಕ್ಕೆ.

"ವಾಸನಿ ಬರಾಂಗಿಲ್ಲ, ಫೋನ್ ಬರ್ತಾವ. ನೋಡ್ತಿರಕ್ಕ."

ಬಂದವು. ಊರು ಬಿಟ್ಟು ದೂರ ಹೋದ ನಮ್ಮ ಕಡೆಯವರು, ಹಾಸ್ಟೆಲಿನವರು, ಲಗ್ನದ ಮನೆಯವರು. ನಮ್ಮ ಮುಖ ಕಾಣದವರೂ ನಂಬಿದರು, ಯಾಕಂದರೆ ಅಲ್ಲಿ ನಮ್ಮ ಒಲೆ ಕಾಣುತ್ತಿತ್ತು, ಹಿಟ್ಟಿನ ಮೇಲೆ ತಂಗಿಯ ಕೈ ಕಾಣುತ್ತಿತ್ತು. ರೊಟ್ಟಿ ಮೆತ್ತಗಾಗದಂತೆ ಹೇಗೆ ಇಡಬೇಕೆಂದು ಅವಳೇ ಬರೆದಿದ್ದಳು. ಕೆಳಗೆ ಅವಳ ನಂಬರು. ಕೈಯೆಲ್ಲ ಹಿಟ್ಟು, ಕಿವಿಗೂ ಹೆಗಲಿಗೂ ನಡುವೆ ಫೋನು, "ಎಳ್ಳು ಹಚ್ಚಿದ್ದೋ, ಸಾದಾನೋ?" ಎಂದು ಕೇಳುತ್ತಿದ್ದಳು. ಅದೇ ಅವಳ ದಿನ.

ಕಾಮಾಲೆ ಅವಳನ್ನು ಒಯ್ದಿತು. ದಿನಕರ್ಮ ಮುಗಿಸಿ ಒಲೆ ಹಚ್ಚಿದೆವು. ಯಾರೂ ರೊಟ್ಟಿ ಕೇಳಲಿಲ್ಲ. ಸುದ್ದಿ ತಿಳಿದು ಸುಮ್ಮನಿದ್ದಾರೆ ಅಂದುಕೊಂಡೆ. ಒಂದು ದಿನ ಸಿಂಧನೂರಿನ ಹಳೆಯ ಗಿರಾಕಿಯೊಬ್ಬರು ಹಾದುಹೋಗುವಾಗ ಒಳಗೆ ಇಣುಕಿದರು. "ಎಷ್ಟು ಸಲ ಹಚ್ಚಿದ್ರೂ ಫೋನ್ ಬಂದ್ ಐತಿ. ಅಂಗಡಿ ಮುಚ್ಚೀರಿ ಅಂತ ತಿಳಕೊಂಡ್ವಿ" ಅಂದರು.

ಆಗ ಹೊಳೆಯಿತು. ಕೈಯಲ್ಲಿದ್ದ ಉಂಡೆ ಕೈಯಲ್ಲೇ ಉಳಿಯಿತು.

ಲಿಂಗಸುಗೂರಿಗೆ ಹೋದೆ. ಕಂಪ್ಯೂಟರ್ ಅಂಗಡಿಯವನು ಒಳ್ಳೆಯವನು. "ನಂಬರ್ ಬದಲಿ ಮಾಡಬೇಕಂದ್ರ ಆ ಫೋನಿಗೇ ಒಟಿಪಿ ಬರ್ತದ್ರಿ ಅಕ್ಕಾರ. ತಂದೀರೇನು?"

"ಅದನ್ನ ಆಕಿ ಸಂಗಡ ಹುಗಿದೀವ್ರೀ."

ಅವನು ಕೀಲಿಮಣೆಯನ್ನು ಬದಿಗೆ ಸರಿಸಿದ. ಆಮೇಲೆ ಸಿಂಧನೂರಿನ ಸಿಮ್ ಕಂಪನಿಯ ಆಫೀಸಿಗೆ ಹೋಗಿ ಅದೇ ನಂಬರಿನ ಸಿಮ್ ಕೇಳಿ ನೋಡಿ ಅಂದ. ಅಲ್ಲಿದ್ದವರು ತಲೆ ಎತ್ತದೆ ಹೇಳಿದರು: "ಸಿಮ್ ಯಾರ ಹೆಸರಿಗೈತಿ ಅವರನ್ನ ಕರ್ಕೊಂಡು ಬರ್ರಿ." ನಾನು ಹೊರಗೆ ಬಂದು ಬಸ್ಸು ಹತ್ತಿದೆ.

ಚಿಕ್ಕಮ್ಮ ಕೇಳಿ ಹಣೆ ಚಚ್ಚಿಕೊಂಡಳು. "ನನ್ನ ಕೈ ಸುಟ್ಟು ಹೋಗ್ಲಿ."

"ನೀ ಪ್ರೀತಿಲೇ ಇಟ್ಟಿ ಚಿಗವ್ವ" ಅಂದೆ. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಬಡಿಯುವ ಹೆಣ್ಣುಮಕ್ಕಳು ಕೆಲಸವಿಲ್ಲದೆ ಒಬ್ಬೊಬ್ಬರಾಗಿ ಭತ್ತದ ಗದ್ದೆಗೆ ಕಳೆ ತೆಗೆಯಲು ಹೋದರು. ಒಬ್ಬಳು ಮಾತ್ರ ಉಳಿದಳು, ಎಲ್ಲರಿಗಿಂತ ಹಿರಿಯಳು, ಬಾಯಿ ಜೋರು. "ನಿನ್ನ ತಂಗಿ ಅಲ್ಲೇ ಕುಂತು ಮ್ಯಾಲಿನವರ ಆರ್ಡರ್ ತಗೊಳ್ಳಾಕತ್ತಾಳ ಬಿಡು" ಅಂದಳು. ನಗಲು ಹೋಗಿ ಸೆರಗು ಬಾಯಿಗೆ ತುರುಕಿಕೊಂಡಳು.

ಹೊಸ ವೆಬ್‌ಸೈಟ್ ಮಾಡಿದರೂ ಜನ ಹಳೆಯದನ್ನೇ ಮೊದಲು ಕಾಣುತ್ತಾರೆ ಎಂದ ಅಂಗಡಿಯವನು. ಹಳೆಯದಕ್ಕೆ ಕಟ್ಟಿದ ದುಡ್ಡಿನ ಅವಧಿ ಮುಗಿದು ಅದು ತಾನಾಗಿ ಹೋಗಬೇಕು, ಆಗ ಅದೇ ಹೆಸರನ್ನು ನಿಮಗೆ ಕೊಡಿಸುತ್ತೇನೆ ಅಂದ. ಹಾಗಾಗಿ ಅದು ಹೋಗಲೆಂದು ಕಾಯುತ್ತಾ ಕುಳಿತೆ. ಕಾಯುತ್ತಲೇ ಅದನ್ನು ತೆರೆದು ಅವಳ ಕೈ ನೋಡುತ್ತಿದ್ದೆ. ಬಳಗಾನೂರಿನವರ ಒಲೆ ಉರಿಯಬೇಕಾದರೆ ಈ ಕೈ ಅಳಿಸಿಹೋಗಬೇಕು. ಆ ಚಿತ್ರವನ್ನು ನನ್ನ ಫೋನಿನಲ್ಲಿ ಉಳಿಸಿಕೊಂಡೆ. ಅಲ್ಲಿ ಅದು ಬರೀ ಕೈ. ಕೆಳಗೆ ಅವಳ ಮಾತಿಲ್ಲ.

ಒಂದು ಬೆಳಿಗ್ಗೆ ತೆರೆದರೆ ಬಿಳಿ ಹಾಳೆ.

ಹೊಸದರಲ್ಲಿ ನನ್ನ ನಂಬರು ಇದೆ. ಅವಳ ಕೈಯ ಚಿತ್ರವನ್ನೇ ಹಾಕೋಣವೇ ಎಂದು ಅಂಗಡಿಯವನು ಕೇಳಿದ. ಬೇಡ ಅಂದೆ. ಒಲೆ ಮಾತ್ರ ಹಾಕಿಸಿದೆ. ಫೋನುಗಳು ಮತ್ತೆ ಬರುತ್ತಿವೆ. ಬಳಗಾನೂರಿನವರು ಬಸ್ಸಿಳಿದು ಬರುತ್ತಿದ್ದಾರೆ, ಮಧ್ಯಾಹ್ನದವರೆಗೆ ಬಡಿಯುವ ಸದ್ದು ನಿಲ್ಲುವುದಿಲ್ಲ. ತಂಗಿ ಹೇಳಿದ್ದು ನಿಜ.

ಆದರೆ ಹಳೆಯ ಗಿರಾಕಿಗಳು ರೊಟ್ಟಿ ಹೇಳುವ ಮೊದಲು ಕೇಳುತ್ತಾರೆ: "ಆ ಅಕ್ಕಾರು ಇಲ್ಲೇನ್ರೀ?"

"ಇಲ್ರೀ" ಅನ್ನುತ್ತೇನೆ. "ಹೊರಗ ಹೋಗ್ಯಾರೇನು?" ಅನ್ನುತ್ತಾರೆ. ಆಗ ಪೂರ್ತಿ ಹೇಳಬೇಕಾಗುತ್ತದೆ. ಅವರು ಫೋನು ಇಟ್ಟುಬಿಟ್ಟಾರೆಂಬ ಹೆದರಿಕೆಗೆ ನಾನೇ ಮುಂದುವರಿಸುತ್ತೇನೆ.

"ಎಳ್ಳು ಹಚ್ಚಿದ್ದೋ, ಸಾದಾನೋ?"