ಕಡೆಯ ಸಾಲಿನ ಹೆಸರು

ಹಾವೇರಿಯಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟೆ. ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಹೊಟ್ಟೆಯಲ್ಲಿ ಮಾತ್ರ ಕೊಡ ತುಂಬುವಷ್ಟು ಸಿಟ್ಟು. ಅಷ್ಟೂ ಸಿಟ್ಟು ಬ್ಯಾಡಗಿಯ ಹಸೀನಾಬಿ ಎಂಬ, ನಾನು ಎಂದೂ ಕಂಡಿರದ ಮುದುಕಿಯ ಮೇಲೆ.

ನಮ್ಮ ಅಮ್ಮಿ ಮಾಬೂಬಿ ಪೈಗಂಬರರನ್ನು ಕೊಂಡಾಡುವ ನಾತ್‌ಗಳನ್ನು ಕನ್ನಡದಲ್ಲೇ ಕಟ್ಟಿದವಳು. ಮದುವೆಗೆ ಮೊದಲು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕಟ್ಟಿದ್ದಂತೆ. ಬರೆಯಲು ಬಾರದ್ದರಿಂದ ಎಲ್ಲ ಬಾಯಲ್ಲೇ ಇತ್ತು. ನಾತ್ ಕಟ್ಟಿದವರು ಕಡೆಯ ಸಾಲಿನಲ್ಲಿ ತಮ್ಮ ಹೆಸರು ಸೇರಿಸುವುದು ಪದ್ಧತಿ. ಅಮ್ಮಿ ಮಾತ್ರ ತನಗೆ ಬಲು ಪ್ರೀತಿಯ ನಾತಿನ ಕಡೆಯ ಸಾಲು ಬಂದೊಡನೆ ಬಾಯಿ ಮುಚ್ಚಿ ಗುನುಗಿಬಿಡುತ್ತಿದ್ದಳು. ತನ್ನ ಹೆಸರು ತಾನೇ ಹೇಳಲು ನಾಚಿಕೆ ಎಂದುಕೊಂಡಿದ್ದೆ.

ಅವಳು ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷದ ಫಾತಿಹಾ ಪ್ರಾರ್ಥನೆಯ ದಿನ ಆ ನಾತನ್ನು ಅವಳ ಹೆಸರಿನೊಂದಿಗೆ ಪೂರಾ ಹಾಡಬೇಕೆಂದು ನನ್ನಾಸೆ. ಅಷ್ಟರಲ್ಲಿ ಪೈಗಂಬರರ ಹುಟ್ಟುಹಬ್ಬವಾದ ಮಿಲಾದಿಗೆ ಬ್ಯಾಡಗಿಗೆ ಹೋಗಿಬಂದ ನಾದಿನಿ, "ಅದನ್ನ ಅಲ್ಲಿ ಹಸೀನಾಬಿ ಹಾಡಿದ್ಲು. ಕಡೀಕ ತನ್ನ ಹೆಸರ ಹೇಳಿದ್ಲು" ಎಂದಳು. ನನ್ನ ಹೊಲಿಗೆ ಮಷಿನ್ನು ಅಲ್ಲಿಗೇ ನಿಂತಿತು.

ಮೋಟೆಬೆನ್ನೂರು ದಾಟಿ ಬ್ಯಾಡಗಿ ಸೇರುವಾಗ ಬಿಸಿಲು ಏರಿತ್ತು. ಮೆಣಸಿನಕಾಯಿ ಸುಗ್ಗಿಯ ಕಾಲ, ಗಾಳಿಯಲ್ಲೆಲ್ಲ ಘಾಟು. ಬಸ್ಸಿಳಿದವಳೇ ನಾಲ್ಕು ಸಲ ಸೀನಿದೆ. ಹಸೀನಾಬಿಯ ಮನೆಗೆ ಬೀಗ! ಪಕ್ಕದ ಮನೆಯ ಗೌರವ್ವ, "ಮಗಳ ಮನಿಗೆ ರಾಣೆಬೆನ್ನೂರಿಗೆ ಹೋಗ್ಯಾಳ್ರಿ. ಕಣ್ಣ ಕಾಣಂಗಿಲ್ಲ ಪಾಪ. ಬಿಸಲಾಗ ಬಂದೀರಿ, ಒಳಗ ಬಂದು ಕುಂದರ್ರಿ" ಎಂದು ಚಹಾ ಕೊಟ್ಟಳು, ಮಂಡಕ್ಕಿ ಕೊಟ್ಟಳು, ವಿಳಾಸವನ್ನೂ ಬರೆಸಿಕೊಟ್ಟಳು. ಸಿಟ್ಟಿನಲ್ಲಿ ಹೊರಟವಳಿಗೆ ಇಷ್ಟು ಉಪಚಾರ! ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ರಾಣೆಬೆನ್ನೂರಿಗೆ ಮತ್ತೊಂದು ಬಸ್ಸು. ಸೀಟು ಸಿಗಲಿಲ್ಲ. ನಿಂತೇ ಜಗಳದ ಮಾತುಗಳನ್ನು ಜೋಡಿಸಿಕೊಂಡೆ.

ಹಸೀನಾಬಿ ಹೊರಸಿನ ಮೇಲೆ ಕೂತು ತಸ್ಬಿಯ ಮಣಿ ಎಣಿಸುತ್ತಿದ್ದಳು. ಹಿಡಿಯಷ್ಟಾಗಿದ್ದ ಜೀವ. ಯಾರ ಮಗಳೆಂದು ಹೇಳಿ, ಕೂಡುವ ಮೊದಲೇ ಕೇಳಿದೆ: "ಖಾಲಾ, ನಮ್ಮ ಅಮ್ಮಿ ಕಟ್ಟಿದ ನಾತಿನ್ಯಾಗ ನಿಮ್ಮ ಹೆಸರ ಹೆಂಗ ಬಂತ್ರಿ?"

ಅವಳು ನಕ್ಕುಬಿಟ್ಟಳು. "ಥೇಟ್ ಮಾಬೂನ ಸಿಟ್ಟು! ನಿಮ್ಮ ಅಮ್ಮಿನೇ ಹಾಕ್ಯಾಳವ್ವ. ಆಕಿ ಮದುವಿ ಆಗಿ ಹಾವೇರಿಗೆ ಹೊಂಟ ದಿನ, ಇನ್ನ ಕೂಡಿ ಹಾಡೂದ ಆಗಂಗಿಲ್ಲಂತ ಇಬ್ಬರೂ ಅತ್ತಿವಿ. ಆಮ್ಯಾಲೆ ಆಕಿ ತನ್ನ ಹೆಸರ ತಗದು ನಂದ ಹಾಕಿದ್ಲು. ನಾ ಕಟ್ಟಿದ್ದ ಒಂದ ನಾತಿನ್ಯಾಗ ಆಕೀ ಹೆಸರ ಹಾಕಿದೆ. ಎಲ್ಲೇ ಇರಲಿ, ಒಬ್ಬಾಕಿ ಸಲಾಂ ಇನ್ನೊಬ್ಬಾಕಿ ನಬಿಗೆ ಮುಟ್ಟಸೂದು. ಮಂದಿಗೆ ಹೇಳೂದ ಬ್ಯಾಡ ಅಂತ ಮಾತಾಗಿತ್ತು. ಈಗ ಆಕೀನ ಇಲ್ಲ, ಅದಕ್ಕ ಮಿಲಾದ್ನ್ಯಾಗ ಆಕೀ ನಾತ ಹಾಡಿದೆ."

ಅವಳ ಪಕ್ಕ ಹೊರಸಿನ ಮೇಲೆ ಕೂತೆ. "ಹಂಗಾರ ನೀವು ಕಟ್ಟಿದ್ದು?" ಎಂದೆ.

"ಅದನ್ನ ದಿನಾ ಮುಂಜಾನಿ ಫಜರ್ ನಮಾಜ ಆದಮ್ಯಾಲೆ ಹೇಳತೇನಿ. ಆಕಿ ಹೋದಮ್ಯಾಲೆ ಒಂದಿನಾನೂ ಬಿಟ್ಟಿಲ್ಲ." ಸೆರಗು ಸರಿಮಾಡಿಕೊಂಡು, ನಡುಗುವ ದನಿಯಲ್ಲಿ ಹಾಡಿದಳು. ಕಡೆಯ ಎರಡು ಸಾಲು ಹೀಗಿದ್ದವು:

ಮದೀನಾದ ಹಾದಿ ದೂರ, ಕಾಲು ಸೋತಾವ ನಬಿಯೇ,
ಇಲ್ಲಿಂದ ಸಲಾಂ ಅಂತಾಳ ಮಾಬೂಬಿ.

ನಮ್ಮ ಮನೆಯಲ್ಲಿ ವರ್ಷದಿಂದ ಯಾರ ಬಾಯಲ್ಲೂ ಆ ಹೆಸರು ಕೇಳಿರಲಿಲ್ಲ. ನಾವೆಲ್ಲ ಅಮ್ಮಿ, ಅಜ್ಜಿ, ತೀರಿಕೊಂಡವಳು ಎನ್ನುತ್ತಿದ್ದೆವು. ಹಸೀನಾಬಿಯ ಮಡಿಲಲ್ಲಿ ತಲೆಯಿಟ್ಟು ಅತ್ತೆ. "ತಪ್ಪಾತು ಖಾಲಾ" ಎಂದೆ. "ಹುಚ್ಚಿ, ಸಿಟ್ಟ ಬಂದಿದ್ದಕ್ಕ ಬಂದಿ, ಇಲ್ಲಂದ್ರ ಬರತಿದ್ದೇನ?" ಎಂದು ಬೆನ್ನು ಸವರಿದಳು. ಊಟ ಮಾಡಿಸದೆ ಬಿಡಲಿಲ್ಲ. ಎರಡೂ ನಾತ್‌ಗಳನ್ನು ಕಲಿಸಿಕೊಟ್ಟಳು.

ಸಂಜೆಯ ಹಾವೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಮ್ಮಿಯ ನಾತನ್ನು ಮೊದಲಿಂದ ಹಾಡಿಕೊಂಡೆ. ಕಡೆಯ ಸಾಲು ಬಂದಾಗ ಗುನುಗಲಿಲ್ಲ. "ಹಸೀನಾಬಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಕಂಡಕ್ಟರ್ ತಿರುಗಿ ನೋಡಿದ.