ಗೆರೆ ಹಾಳೆಯ ಮೇಲಿಟ್ಟ ಭೂತಗನ್ನಡಿ

ಆ ಭೂತಗನ್ನಡಿಗೆ ನಾನು ಕೊಟ್ಟದ್ದು ಒಂದು ಹಳೆಯ ಮಿಲಿಟರಿ ಕಂಬಳಿ. ನಾಗಪುರದ ಹೊರಗೆ ವಾಡಿಯ ಗೋದಾಮಿನ ಹತ್ತಿರ ಒಬ್ಬ ಲಾರಿ ಡ್ರೈವರ್ ಚಳಿಗೆ ನಡುಗುತ್ತಿದ್ದ. ಅವನ ಬಳಿ ಯುದ್ಧಕಾಲದ ಯಾವುದೋ ಯಂತ್ರದಿಂದ ಕಳಚಿದ ಈ ಗಾಜಿತ್ತು. ಬದಲಾಯಿಸಿಕೊಂಡೆವು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದರ ಕಾರಣ ಗಾಜಿನಲ್ಲೇ ಇತ್ತು. ಅದರೊಳಗಿಂದ ನೋಡಿದರೆ ದುಂಡನೆಯ ಚುಕ್ಕೆ ಅಡ್ಡಡ್ಡಕ್ಕೆ ಎಳೆದ ಹಾಗೆ, ಅಕ್ಕಿಕಾಳಿನಂತೆ ಕಾಣುತ್ತಿತ್ತು. ಮಾಸ್ತರರು ಅದಕ್ಕೆ ಕೊಟ್ಟದ್ದು ಎರಡು ವರ್ಷ ಮತ್ತು ತಮ್ಮ ಬಲಗಣ್ಣು.

ಆ ಕಣ್ಣಿನ ಸುತ್ತ ಅವರಿಗೆ ಬಳೆಯಂಥ ಒಂದು ಕೆಂಪು ಗುರುತು ಮೂಡಿತ್ತು. ಗಾಜಿನ ಹಿತ್ತಾಳೆ ಅಂಚಿಗೆ ದಿನಾ ಕಣ್ಣೊತ್ತಿ ಒತ್ತಿ ಆದದ್ದು. ರಜೆಯಲ್ಲೂ ಅದು ಮಾಯುತ್ತಿರಲಿಲ್ಲ.

ಮಾಸ್ತರರು ಧಾರವಾಡದ ಕಡೆಯವರು. ನಾಗಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಲಕ್ಷ್ಮೀ ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಾನು ಸೀತಾಬರ್ಡಿಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದೆ. ಕನ್ನಡದವನೆಂದು ಅವರು ನನ್ನಲ್ಲಿಗೇ ಬರುತ್ತಿದ್ದರು, ಬಂದು ಕನ್ನಡದಲ್ಲೇ ಬೈಯುತ್ತಿದ್ದರು. ಅವರ ಬಾಯಿ ಬಲು ಕೆಟ್ಟದ್ದು. ಯಾರಾದರೂ “ನನಗ ಹಂಗ ಅನಸ್ತೈತಿ” ಎಂದರೆ ಸಾಕು, “ನಿನಗ ಅನಿಸಿದ್ರ ಆಕಾಶಕ್ಕೇನು?” ಎಂದು ಅಲ್ಲೇ ಕೂರಿಸುತ್ತಿದ್ದರು.

ಒಂದು ದಿನ ಅವರು ಭೂತಗನ್ನಡಿ ಬೇಕೆಂದು ಬಂದು, ನನ್ನ ಕಟ್ಟೆಯ ಮೇಲೆ ದೊಡ್ಡದೊಂದು ಫೋಟೊ ಬಿಚ್ಚಿದರು. ಹೊರದೇಶದ ಒಂದು ವೀಕ್ಷಣಾಲಯಕ್ಕೆ ಪತ್ರದ ಮೇಲೆ ಪತ್ರ ಬರೆದು ತರಿಸಿದ್ದು. ಬಿಳಿ ಹಾಳೆಗೆ ಮಸಿ ಸಿಡಿದಂತೆ ಕಂಡಿತು ನನಗೆ.

“ಈ ಒಂದೊಂದು ಚುಕ್ಕಿ ಒಂದೊಂದು ಗ್ಯಾಲಕ್ಸಿ. ಒಂದೊಂದರಾಗ ಎಣಿಸಲಾರದಷ್ಟು ನಕ್ಷತ್ರ. ಎಲ್ಲಾ ಕೂಡಿ ಇದೊಂದು ಗುಂಪು. ಈಗ ಹೇಳು, ಗುಂಪಿನ್ಯಾಗ ಇವು ತಮಗ ಬೇಕಾದಂಗ ಮಲಗ್ಯಾವೋ, ಎಲ್ಲಾ ಒಂದ ಕಡೆ ತಲಿ ಮಾಡ್ಯಾವೋ?”

“ಯಾವ ಕಡೆ ತಲಿ ಮಾಡಿದ್ರೇನ್ರಿ ಮಾಸ್ತರ್ರ, ನಾವೇನು ಹೋಗಿ ದಿಂಬು ಇಡೂದೈತೇನು?” ಎಂದೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮಾಸ್ತರರು ಅವರ ಕಡೆ ತಿರುಗಿ, ಅವರಿಗೂ ತಿಳಿಯಲೆಂದು ಹಿಂದಿ ಬೆರೆಸಿ ಹೇಳಿದರು: “ನೋಡ್ರಿ, ನಾಲ್ಕನೇತ್ತೆ ನಪಾಸ್ ಆದವನ ಸವಾಲ್. ಇವರಪ್ಪನೂ ಹಿಂಗ ಇದ್ದಿರಬೇಕು. ಅದಕ್ಕ ಮಗ ಗುಜರಿಯಾಗ ಕುಂತಾನ.”

ನನ್ನಪ್ಪ ರೈಲ್ವೆ ಹಳಿ ರಿಪೇರಿಯ ಕೂಲಿ. ಹಳಿಯ ಮೇಲೇ ಸತ್ತವನು. ಮಾಸ್ತರರಿಗೆ ಅದು ಗೊತ್ತಿತ್ತು.

ನಾನು ನಗುತ್ತಲೇ ಒಳಗೆ ಹೋಗಿ ಭೂತಗನ್ನಡಿ ತಂದೆ. ಗೆರೆ ಹಾಕಿದ ನೋಟ್‌ಬುಕ್ ತೆರೆದು ಅದರ ಮೇಲಿಟ್ಟೆ. ಇದು ಕಸುಬಿನ ಗುಟ್ಟು: ಗಾಜು ಯಾವ ಕಡೆಗೆ ಎಳೆಯುತ್ತದೋ ಅದೇ ಕಡೆಗೆ ಗೆರೆ ಬರುವಂತೆ ಇಟ್ಟರೆ, ಎಳೆದದ್ದೆಲ್ಲ ಗೆರೆಯೊಳಗೇ ಅಡಗಿಹೋಗುತ್ತದೆ. ಗೆರೆಗಳು ಕೂದಲೆಳೆಯಷ್ಟು ಸ್ಪಷ್ಟ ಕಂಡವು. ಮಾಸ್ತರರು ಬಗ್ಗಿ ನೋಡಿ, “ಬರೋಬರ್ ಐತಿ” ಎಂದರು. ಕೊಂಡರು.

ಮನೆಯಲ್ಲಿ ಅದಕ್ಕೊಂದು ಹಿತ್ತಾಳೆಯ ಕಂಬ ಮಾಡಿಸಿ ಮೇಜಿಗೆ ತಿರುಪು ಹಾಕಿ ಕೂರಿಸಿದರು. ಶಾಲೆಯಿಂದ ಬಂದವರೇ ಕಿಟಕಿಯ ಬಳಿ ಕೂತು, ಫೋಟೊ ಸರಿಸುತ್ತ, ಒಂದೊಂದು ಚುಕ್ಕೆ ಎಷ್ಟು ಓರೆಯಾಗಿದೆ ಎಂದು ಕೋನಮಾಪಕದಿಂದ ಅಳೆದು ಬರೆಯುತ್ತಿದ್ದರು. ಎರಡು ವರ್ಷ ಕಳೆಯುವುದರೊಳಗೆ ಖಚಿತವಾಯಿತು: ಬಹುಪಾಲು ಗ್ಯಾಲಕ್ಸಿಗಳು ಒಂದೇ ಕಡೆಗೆ ಮಲಗಿವೆ. ಊರಿನ ಕಾಲೇಜು ಪ್ರಾಧ್ಯಾಪಕರ ಸಭೆಯಲ್ಲಿ ಪ್ರಬಂಧ ಓದಲು ಕರೆ ಬಂತು. ಅವರು ಮೆಚ್ಚಿದರೆ ಕಾಲೇಜಿನಲ್ಲಿ ನೌಕರಿ ಎಂಬ ಮಾತೂ ಬಂತು.

ಮಾಸ್ತರರ ಹೆಂಡತಿ ಚಹಾ ಕೊಡುತ್ತ ನನಗೆ ಹೇಳಿದರು: “ತಮ್ಮಾ, ಈ ಸಾಲಿ ಬಿಟ್ರ ಅವರ ಬಾಯಿ ಒಂದೀಟು ಸಿಹಿ ಆಗ್ತೈತೇನೋ ನೋಡೂಣು.”

ಹೇಳಬಹುದಾಗಿದ್ದ ಹೊತ್ತು ಅದೇ. ನಾನು ಚಹಾ ಕುಡಿದೆ.

ಸಭೆಗೆ ಕಂಬ, ಗಾಜು ಎರಡನ್ನೂ ಟಾಂಗಾದಲ್ಲಿ ಒಯ್ದುಕೊಟ್ಟವನೂ ನಾನೇ. ಮಾಸ್ತರರು ಓದಿ ಮುಗಿಸಿ, ಬಂದು ನೋಡಿ ಎಂದು ಎಲ್ಲರನ್ನೂ ಕರೆದರು. ಮರಾಠಿಯವನೊಬ್ಬ ಎಳೆಯ ಅಧ್ಯಾಪಕ ಗಾಜಿಗೆ ಕಣ್ಣಿಟ್ಟು ನೋಡಿದ. ಆಮೇಲೆ ಫೋಟೊವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿದ. ಫೋಟೊ ತಿರುಗಿತ್ತು, ಗ್ಯಾಲಕ್ಸಿಗಳು ತಿರುಗಿರಲಿಲ್ಲ. ಮೊದಲಿನಂತೆಯೇ ಅಡ್ಡ ಮಲಗಿದ್ದವು.

“ಮಾಸ್ತರ್,” ಎಂದ ಅವನು, “ನಿಮ್ಮ ಆಕಾಶ ನಿಮ್ಮ ಮೇಜು ನೋಡಿಕೊಂಡು ಮಲಗುತ್ತದಲ್ಲ!”

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾಸ್ತರರು ತಲೆಯೆತ್ತಿ ನನ್ನೊಬ್ಬನನ್ನೇ ನೋಡಿದರು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು ಗಾಜನ್ನು ಕಟ್ಟೆಯ ಮೇಲಿಟ್ಟರು.

“ನಿನಗ ಗೊತ್ತಿತ್ತು.”

“ಗೊತ್ತಿತ್ತ್ರಿ.”

“ನಿಮ್ಮಪ್ಪಗ ಅಂದೆ ಅಂತ?”

ಹೌದೆಂದು ತಲೆಯಾಡಿಸಿದೆ.

“ಅಂದದ್ದು ಅಂದೆ, ವಾಪಸ್ ತಗೊಳ್ಳಾಂವಲ್ಲ. ನೀನೂ ಮಾಫಿ ಕೇಳಬ್ಯಾಡ. ತಿರುಗಿಸಿ ನೋಡೂದು ನನ್ನ ಕೆಲಸ ಇತ್ತು, ನಾ ನೋಡ್ಲಿಲ್ಲ.” ಮೆಟ್ಟಿಲಿಳಿಯುತ್ತ ನಿಂತರು. “ಇದನ್ನ ಇನ್ನೊಬ್ಬ ಹುಂಬಗ ಮಾತ್ರ ಮಾರಬ್ಯಾಡ.”

ನೌಕರಿ ಬೇರೆಯವರಿಗೆ ಹೋಯಿತು. ಬಲಗಣ್ಣು ಮಂಜಾಯಿತು. ಅವರು ಮುಂಬೈಯಿಂದ ಒಳ್ಳೆಯ ಗಾಜು ತರಿಸಿ, ಎಡಗಣ್ಣಿನಿಂದ ಎಲ್ಲವನ್ನೂ ಮೊದಲಿನಿಂದ ಅಳೆಯಲು ಕೂತರು. ನನ್ನ ಅಂಗಡಿಗೆ ಮತ್ತೆ ಬರಲಿಲ್ಲ. ಕೆಲವು ವರ್ಷಗಳ ನಂತರ ಒಂದು ಬೇಸಿಗೆಯಲ್ಲಿ, ಪರೀಕ್ಷೆಯ ಪೇಪರು ತಿದ್ದುತ್ತಿದ್ದವರು ಮೇಜಿನ ಮೇಲೆ ತಲೆಯಿಟ್ಟರಂತೆ, ಎತ್ತಲಿಲ್ಲ.

ಅವರ ಹೆಂಡತಿ ಊರಿಗೆ ಹೊರಡುವಾಗ ಕಾಗದಗಳನ್ನು ರದ್ದಿಗೆ ಹಾಕಲು ನನ್ನನ್ನೇ ಕರೆಸಿದರು. ಅದರಲ್ಲಿ ಹೊಸ ಗಾಜಿನಿಂದ ತೆಗೆದ ಅಳತೆಗಳ ನೋಟ್‌ಬುಕ್ ಇತ್ತು. ಪ್ರತಿ ಗ್ಯಾಲಕ್ಸಿಗೂ ನಾಲ್ಕು ಅಳತೆ, ಫೋಟೊವನ್ನು ನಾಲ್ಕು ಸಲ ತಿರುಗಿಸಿ ತೆಗೆದದ್ದು. ಹೆಚ್ಚಿನವು ತಮಗೆ ಬೇಕಾದ ಹಾಗೆ ಮಲಗಿದ್ದವು. ನಟ್ಟನಡುವಿನ ಎಲ್ಲಕ್ಕಿಂತ ದೊಡ್ಡದೊಂದು ಮಾತ್ರ, ಇಡೀ ಗುಂಪು ಯಾವ ಕಡೆಗೆ ಉದ್ದವಾಗಿದೆಯೋ ಆ ಕಡೆಗೇ ಮಲಗಿತ್ತು, ನಾಲ್ಕು ಸಲವೂ. ಹಾಗೆಂದು ಬರೆದು, ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಮಾಸ್ತರರು ಒಂದೇ ಪದ ಬರೆದಿದ್ದರು: “ನಗುತ್ತಾರೆ.”

ಎಷ್ಟೋ ವರ್ಷಗಳ ಮೇಲೆ, ಅಂಗಡಿಗೆ ಬಂದ ಕಾಲೇಜಿನ ಮೇಷ್ಟ್ರೊಬ್ಬರಿಗೆ ಆ ಪುಟ ತೋರಿಸಿದೆ. ಅಂಥ ಹಲವು ಗುಂಪುಗಳಲ್ಲಿ ನಡುವಿನ ದೊಡ್ಡದು ಹೀಗೇ ಇರುತ್ತದೆಂದು ಬೇರೆಯವರು ಆಮೇಲೆ ಕಂಡುಕೊಂಡಿದ್ದಾರೆ ಎಂದರು ಅವರು. “ಇವರು ಯಾಕೆ ಹೊಡೆದುಹಾಕಿದರು?” ಎಂದು ಕೇಳಿದರು. ನಾನು ಆ ಭೂತಗನ್ನಡಿ ತೆಗೆದು ತೋರಿಸಿದೆ. ಅದನ್ನು ಯಾರಿಗೂ ಮಾರಿಲ್ಲ.

ನೀವು ಗಾಜು ಕೊಳ್ಳಲು ಹೋದಾಗ ಅಂಗಡಿಯವನು ಗೆರೆ ಹಾಳೆ ತೋರಿಸಿದರೆ, ಹಾಳೆಯನ್ನು ಅಡ್ಡ ತಿರುಗಿಸಿ. ಗಾಜನ್ನು ಬಿಟ್ಟು ಅವನ ಮುಖ ನೋಡಿ. ಹಿಂದೆ ಯಾವತ್ತಾದರೂ ಅವನಿಗೆ ನೋಯುವ ಮಾತು ಆಡಿದ್ದರೆ ಬೇರೆ ಅಂಗಡಿಗೆ ಹೋಗಿ. ಇನ್ನು, ನಾಲ್ಕು ಸಲ ತಿರುಗಿಸಿದರೂ ಕಂಡದ್ದು ಕಂಡ ಹಾಗೇ ಇದ್ದರೆ, ಅದನ್ನು ಶಾಯಿಯಲ್ಲಿ ಬರೆದು ಅಂಚೆಗೆ ಹಾಕಿಬಿಡಿ. ಯಾರಾದರೂ ನಕ್ಕರೆ ನಗಲಿ; ನಗುವವರಲ್ಲಿ, ತಪ್ಪು ತನ್ನದೆಂದು ಗೊತ್ತಿದ್ದೂ ನಗುವ ನನ್ನಂಥವನೂ ಒಬ್ಬ ಇರುತ್ತಾನೆ.