ಅಕ್ಕನಿಗೆ ದಾಟಿಸಿದ ಬರಣಿ

ನನಗೆ ಲೋಳೆ ಕಂಡರೆ ಆಗುವುದಿಲ್ಲ. ಬೆಂಡೆಕಾಯಿ ಹೆಚ್ಚುವಾಗಲೂ ಮುಖ ಕಿವುಚುವವಳು ನಾನು. ಅಂಥವಳ ಅಡುಗೆಮನೆಗೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಒಂದು ಗಾಜಿನ ಬರಣಿ ಬಂದು ಕುಳಿತಿತು. ಆಗ ನಾವು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಮನೆಯ ಮಾಲಕಿ ಮೇಲಿನ ಮಾಳಿಗೆಯಲ್ಲಿದ್ದರು, ಅವರನ್ನು ಕಾಕು ಎಂದು ಕರೆಯುತ್ತಿದ್ದೆ. ಬರಣಿ ತಂದವರು ಅವರೇ.

ಒಳಗೆ ಸಕ್ಕರೆ ಹಾಕಿದ ತಣ್ಣನೆಯ ಕರಿ ಚಹಾ. ಅದರ ಮೇಲೆ ಬಿಳಿಚಿಕೊಂಡ ದಪ್ಪ ದೋಸೆಯಂಥದೊಂದು ತೇಲುತ್ತಿತ್ತು. ಅಡಿಯಿಂದ ಕಂದು ಎಳೆಗಳು ಸಿಂಬಳದಂತೆ ಜೋತುಬಿದ್ದಿದ್ದವು. ಮೇಲೆ ಕಟ್ಟಿದ ಬಟ್ಟೆ ಸರಿಸಿದರೆ ಕೆಟ್ಟ ಹೆಂಡದ ಹುಳಿ ನಾತ.

“ಇದಕ್ಕ ಮಶ್ರೂಮ್ ಚಹಾ ಅಂತಾರ,” ಎಂದರು ಕಾಕು. “ಇದರಾಗ ಜೀವಂತ ಕ್ರಿಮಿ ಇರ್ತಾವ, ಒಳ್ಳೆ ಕ್ರಿಮಿ. ದಿನಾ ಮುಂಜಾನೆ ಖಾಲಿ ಹೊಟ್ಟೀಲೆ ಅರ್ಧ ಕಪ್ ಕುಡಿ. ಗ್ಯಾಸ್, ಸಂದು ನೋವು, ಸಕ್ಕರಿ ಬ್ಯಾನಿ, ಎಲ್ಲಾ ಹೋಕ್ಕಾವ.”

ಅದಕ್ಕೊಂದು ನೇಮವೂ ಇತ್ತು. ಹತ್ತು ದಿನಕ್ಕೊಮ್ಮೆ ಆ ತೇಲುವ ಪದರ ಇನ್ನೊಂದು ಪದರವನ್ನು ಹುಟ್ಟಿಸುತ್ತದೆ, ಅದಕ್ಕೆ ಮರಿ ಎನ್ನುತ್ತಿದ್ದರು. ಮರಿಯನ್ನು ಮಾರಬಾರದು, ಚೆಲ್ಲಬಾರದು, ಇನ್ನೊಂದು ಮನೆಗೆ ಕೊಡಬೇಕು. ಕೊಡದಿದ್ದರೆ ಗುಣ ಹೋಗುತ್ತದಂತೆ. ಹೀಗೆ ಕ್ಯಾಂಪಿನಿಂದ ಹಿಂಡಲಗಾದವರೆಗೆ ಎಷ್ಟು ಮನೆಗಳಲ್ಲಿ ಆ ಹೇಸಿಗೆ ತೇಲುತ್ತಿತ್ತೋ! ನೀರನ್ನು ಎರಡೆರಡು ಸಲ ಕುದಿಸಿ ಕುಡಿಯುವವರು, ಹೋಟೆಲಿನ ಚಟ್ನಿ ಮುಟ್ಟದವರು, ಇದನ್ನು ಮಾತ್ರ ತೀರ್ಥದಂತೆ ಗುಟುಕರಿಸುತ್ತಿದ್ದರು. ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ನಾನು ಒಂದು ಹನಿಯನ್ನೂ ಬಾಯಿಗೆ ಬಿಟ್ಟುಕೊಳ್ಳಲಿಲ್ಲ. ದಿನಾ ಅರ್ಧ ಕಪ್ ಬಚ್ಚಲಿಗೆ ಸುರಿಯುತ್ತಿದ್ದೆ. ಕಾಕು ಮೆಟ್ಟಿಲ ಮೇಲಿಂದ, “ಕುಡದಿಯೇನವಾ?” ಎಂದು ಕೇಳುತ್ತಿದ್ದರು.

“ಕುಡದೇನ್ರಿ ಕಾಕು. ಹೊಟ್ಟಿ ಹಗುರ ಆಗೈತ್ರಿ.”

ಮಾಲಕಿಯ ಮುಖ ಮುರಿಯುವ ಧೈರ್ಯ ಬಾಡಿಗೆಯವರಿಗೆ ಎಲ್ಲಿಂದ ಬರಬೇಕು?

ಮರಿ ಹುಟ್ಟಿದ ದಿನ ಕಾಕುವೇ ದಾರಿ ತೋರಿಸಿದರು. “ಖಾನಾಪುರದಾಗ ನಿಮ್ಮ ಅಕ್ಕಗ ಸಂದು ಬಾವು ಬಂದಾವ ಅಂತಿದ್ದಿ. ಆಕಿಗೆ ಒಯ್ದ ಕೊಡು.” ಅಕ್ಕ ಎರಡು ವರ್ಷದಿಂದ ಆ ನೋವಿಗೆ ಜೋರು ಗುಳಿಗೆ ನುಂಗುತ್ತಿದ್ದಳು. ನನಗೆ ಅದ್ಯಾವುದೂ ತಲೆಗೆ ಬರಲಿಲ್ಲ. ಪೀಡೆ ತೊಲಗಿದರೆ ಸಾಕಾಗಿತ್ತು. ಮರಿಯನ್ನಷ್ಟೇ ಅಲ್ಲ, ಇಡೀ ಬರಣಿಯನ್ನೇ ಎತ್ತಿಕೊಂಡು ಭಾನುವಾರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದು ತೊಡೆಯ ಮೇಲೆ ಕುಲುಕಾಡಿತು. ಸೀರೆಯ ಮೇಲೆ ಚೆಲ್ಲಿದ್ದನ್ನು ಬೆರಳಲ್ಲಿ ಮುಟ್ಟಲಾರದೆ ಹಾಗೆಯೇ ಒಣಗಲು ಬಿಟ್ಟೆ.

ಅಕ್ಕ ಬಟ್ಟೆ ಬಿಚ್ಚಿ ಇಣುಕಿದವಳೇ ಹಿಂದೆ ಸರಿದಳು. “ಅಯ್ಯ, ಏನ ಹೊಲಸವಾ ಇದು! ಖರೇನ ನೀ ಇದನ್ನ ಕುಡೀತಿ?”

“ದಿನಾ ಕುಡೀತೇನಿ. ಮನಿಯಾಗ ಇನ್ನೊಂದ ಬರಣಿ ಐತಿ,” ಎಂದೆ.

ಅವಳು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು, ನಾನು ಡಿಗ್ರಿ ಮುಗಿಸಿದವಳು. ನನ್ನ ಮಾತಿಗೆ ಅವಳು ಎಂದೂ ಎದುರಾಡಿದವಳಲ್ಲ. ಮೂಗು ಹಿಡಿದುಕೊಂಡು ನನ್ನೆದುರೇ ಅರ್ಧ ಲೋಟ ಕುಡಿದಳು. ಅವಳಿಗೆ ವಾಂತಿ ಒತ್ತರಿಸಿ ಬಂದದ್ದನ್ನು ನೋಡಲಾಗದೆ ನಾನು ಹಿತ್ತಲಿಗೆ ಎದ್ದುಹೋದೆ.

ಎರಡು ವಾರದ ಮೇಲೆ ಎಸ್‌ಟಿಡಿ ಬೂತಿನಿಂದ ಅವಳ ಫೋನು. “ಹೊಟ್ಟಿ ನಗಾರಿ ಆಗೈತಿ. ತೇಗ ಮ್ಯಾಲ ತೇಗ. ಬಿಡ್ಲೇನ?”

ಬಿಡು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಬಿಡು ಎಂದರೆ ‘ಹಂಗಾದ್ರ ನೀ ಯಾಕ ಕುಡೀತಿ’ ಎಂಬ ಮಾತು ಬರುತ್ತಿತ್ತು. ಕಾಕು ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಒಪ್ಪಿಸಿದೆ. “ಮೊದಮೊದಲ ಹಂಗ ಆಕ್ಕೈತಿ. ಒಳಗಿನ ಹೊಲಸ ಹೊರಗ ಬರಾಕತ್ತೈತಿ.”

ಅವಳು ಬಿಡಲಿಲ್ಲ. ತಿಂಗಳು ತುಂಬುವುದರೊಳಗೆ ಚಳಿಜ್ವರ, ಭೇದಿ ಹಿಡಿದವು. ಹಂಚಿನ ಕಾರ್ಖಾನೆಗೆ ರಜೆ ಹಾಕಿ ಭಾವ ಅವಳನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದರು. ಏನು ತಿಂದಿದ್ದಳು, ಏನು ಕುಡಿದಿದ್ದಳು ಎಂದು ಡಾಕ್ಟರು ಕೇಳಿದ್ದಕ್ಕೆ ಮರುದಿನ ಬರಣಿಯನ್ನೇ ಕೈಚೀಲದಲ್ಲಿ ತಂದು ತೋರಿಸಿದರು. ಪದರದ ಮೇಲೆ ಹಸಿರು ಬೂಷ್ಟು ಬಿಲ್ಲೆಬಿಲ್ಲೆಯಾಗಿ ಬೆಳೆದಿತ್ತು.

“ದಿನಾ ಚಮಚಾಲೆ ಬೂಷ್ಟು ತಗದ ಕುಡೀತಿದ್ಲರಿ,” ಎಂದರು ಭಾವ. “ತಂಗಿ ಹೊತಗೊಂಡ ಬಂದಾಳ, ಕೆಡಸಬಾರದು ಅಂತಿದ್ಲು.”

ನಾನು ಹೊರಗಿನ ಮೋರಿಗೆ ಓಡಿ ಬಾಗಿದೆ. ಏನೂ ಬರಲಿಲ್ಲ, ಮರಳಿ ಒಳಗೆ ಬಂದೆ.

ಡಾಕ್ಟರು ಕೂಗಾಡಲಿಲ್ಲ. “ಇದರಿಂದನ ಆತು ಅಂತ ಖಾತ್ರಿಲೆ ಹೇಳಾಕ ಬರೂದಿಲ್ಲ. ಆದ್ರ ಇವರ ಗುಳಿಗಿ ರೋಗ ತಡಿಯೂ ತಾಕತ್ತ ಕಮ್ಮಿ ಮಾಡ್ತಾವ. ಬ್ಯಾರೆಯವರಿಗೆ ಬರೇ ಹೊಟ್ಟಿ ಉಬ್ಬಿಸಿ ಬಿಡೂ ಕ್ರಿಮಿ ಇಂಥವರ ರಕ್ತಕ್ಕ ಇಳೀಬಹುದು. ಮನಿಯಾಗ ಮಾಡಿದ್ದಿರಲಿ, ಔಷಧ ಅಂಗಡಿಯ ಪುಡಿ ಇರಲಿ, ಜೀವಂತ ಕ್ರಿಮಿ ಇದ್ದದ್ದನ್ನ ನಮ್ಮನ್ನ ಕೇಳದ ಕೊಡಬ್ಯಾಡ್ರಿ.”

ಎಂಟು ದಿನ ಜ್ವರ ಇಳಿಯಲಿಲ್ಲ. ಭಾವ ನನ್ನೊಡನೆ ಮಾತು ಕಡಿಮೆ ಮಾಡಿದರು. ಅಕ್ಕ ಸಾಯುತ್ತಾಳೆ ಎಂದೇ ನಾನು ತಿಳಿದಿದ್ದೆ. ಒಂಬತ್ತನೆಯ ದಿನ ಜ್ವರ ಬಿಟ್ಟು ಮೈ ತಣ್ಣಗಾಯಿತು, ಗಂಜಿ ಕೇಳಿದಳು. ರೌಂಡ್ಸಿಗೆ ಬಂದ ಡಾಕ್ಟರನ್ನು ಕ್ಷೀಣ ದನಿಯಲ್ಲಿ ಕರೆದಳು.

“ಡಾಕ್ಟ್ರ, ಈಕಿ ನನ್ನ ತಂಗಿ ರೀ. ನನಗಿಂತ ಮೊದಲಿಂದ ಅದನ್ನ ಕುಡೀತಾಳ. ಹೇಳಾಕ ನಾಚತಾಳ. ಆಕಿ ಹೊಟ್ಟೀನೂ ಒಂಚೂರ ನೋಡ್ರಿ.”

ಡಾಕ್ಟರು ಬದಿಯ ಖಾಲಿ ಮಂಚ ತೋರಿಸಿದರು. ಕುಡಿದಿಲ್ಲ ಎನ್ನಲು ಬಾಯಿ ತೆರೆದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹೋಗಿ ಮಲಗಿದೆ. ಅವರು ಅಲ್ಲಲ್ಲಿ ಒತ್ತಿ, ನೋವಿದೆಯೇ ಎಂದು ಕೇಳಿದರು. ಇಲ್ಲವೆಂದೆ. ನನ್ನ ಮೇಲೆ ನನಗೇ ಓಕರಿಕೆ ಬರುತ್ತಿತ್ತು.

“ಏನೂ ಆಗಿಲ್ಲ, ಗಟ್ಟಿ ಅದಾರ,” ಎಂದರು ಡಾಕ್ಟರು.

ಅಕ್ಕ ಸಲೈನ್ ಹಚ್ಚಿದ ಕೈಯನ್ನು ಮೆಲ್ಲಗೆ ಎತ್ತಿ, ಇನ್ನೊಂದಕ್ಕೆ ಜೋಡಿಸಿ, ಅವರಿಗೆ ಮುಗಿದಳು.